ಹನ್ನೆರಡನೆಯ ಲಾಂದ್ರ

ನಾಗರಬಾವಿ
೧೪ ಅಕ್ಟೋಬರ್ ೨೦೨೪

ಪೂಜ್ಯ ವೆಂಕಟಲಕ್ಷ್ಮಮ್ಮನವರಿಗೆ ಕಲಾವತಿ ಮಾಡುವ ನಮಸ್ಕಾರಗಳು.

ಹೆಸರು ನೆನಪಿಲ್ಲದಿದ್ದರೂ ಲಾಂದ್ರದ ಹೆಂಗಸು ಎಂದರೆ ತಮಗೆ ಗುರುತು ಸಿಗುತ್ತದೆ. ಗೌರಿ ಹಬ್ಬ ಕಳೆದ ಮೇಲೆ ನೀವು ನಿಮ್ಮ ಯಜಮಾನರ ಜೊತೆ ನಮ್ಮ ಶೆಡ್ಡಿಗೆ ಬಂದು, ಗೋಪುರದ ಚಿತ್ರವಿದ್ದ ಒಂದು ತಗಡಿನ ಲಾಂದ್ರ ಆರಿಸಿಕೊಂಡಿರಿ. ಚಿತ್ರ ಹೇಗೆ ಬಿಡಿಸುತ್ತೀಯ ಎಂದು ಕೇಳಿದಿರಿ. ನಮ್ಮ ಧಾರವಾಡದ ಕಡೆ ಸೀರೆಗೆ ಹಾಕುವ ಕಸೂತಿಯನ್ನೇ ಮೊಳೆಯಿಂದ ತಗಡಿಗೆ ಚುಚ್ಚುತ್ತೇನೆ, ಒಳಗೆ ದೀಪ ಇಟ್ಟರೆ ಗಿಡಗಳ ಮೇಲೆಲ್ಲ ಬೆಳಕಿನ ಚುಕ್ಕಿ ಬೀಳುತ್ತವೆ ಎಂದೆ. ನಿಮಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿ ಹೇಳಿದೆ. ಆಗ ನೀವು ನಕ್ಕು, "ಕಿರುಚಬೇಡಮ್ಮ, ನನ್ಗೆ ಕಿವಿ ಮಂದ. ಏನಾದ್ರೂ ಹೇಳೋದಿದ್ರೆ ಕಾಗ್ದ ಬರಿ, ಓದ್ಕೋತೀನಿ" ಎಂದಿರಿ. ಆ ಮಾತಿನ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕಳೆದ ವಾರ ಆರನೇ ತಾರೀಖಿನ ಸಂಜೆ ನಿಮ್ಮ ತೋಟದ ಚಪ್ಪರಕ್ಕೆ ಬೆಂಕಿ ಬಿದ್ದ ಸುದ್ದಿ ನಮಗೆ ತಿಳಿದದ್ದು ನಿಮ್ಮ ಮಗ ಗೌತಮ್ ಅವರಿಂದ. ನಮ್ಮವರಿಗೆ ಫೋನ್ ಮಾಡಿ, "ನಿಮ್ ಲಾಂದ್ರ ಬಿದ್ದು ನಮ್ಮಪ್ಪನ ಕೈ ಸುಟ್ಟಿದೆ. ಮನೆ ಕಡೆ ಬರ್ಬೇಡಿ, ಫೋನೂ ಮಾಡ್ಬೇಡಿ" ಎಂದರು. ಸುಟ್ಟ ಚಪ್ಪರದ ಕೆಳಗೆ ನಮ್ಮ ಲಾಂದ್ರ ಬಿದ್ದಿರುವ ಫೋಟೋವನ್ನು ನಿಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೂ ಹಾಕಿದರು. ಅವರ ಸಿಟ್ಟು ನ್ಯಾಯವಾದದ್ದು. ತಂದೆಯ ಕೈ ಸುಟ್ಟರೆ ಯಾವ ಮಗ ಸುಮ್ಮನಿರುತ್ತಾನೆ?

ಆ ಫೋಟೋವನ್ನು ನಾವಿಬ್ಬರೂ ದೊಡ್ಡದು ಮಾಡಿ ನೋಡಿದೆವು. ಲಾಂದ್ರದ ಕೊಕ್ಕೆ ಬೇರೆಯಾಗಿ ಬಿದ್ದಿದೆ. ತಮ್ಮಿಂದ ಮುಚ್ಚಿಡುವುದಿಲ್ಲ ಅಮ್ಮಾ. ನಾವು ಯಾವಾಗಲೂ ಕೊಕ್ಕೆಗೆ ಬೆಸುಗೆ ಹಾಕಿ, ಅದರ ಮೇಲೆ ಎರಡು ರಿವೆಟ್ ಹೊಡೆಯುತ್ತೇವೆ. ದೀಪದ ಕಾವಿಗೆ ಬೆಸುಗೆ ಮೆತ್ತಗಾದರೂ ರಿವೆಟ್ ಹಿಡಿದಿರುತ್ತದೆ. ನಿಮ್ಮ ಲಾಂದ್ರ ಮಾಡಿದ ದಿನ ರಿವೆಟ್ ತೀರಿಹೋಗಿದ್ದವು. ದೀಪಾವಳಿಯ ಕೆಲಸ ತಲೆಯ ಮೇಲಿತ್ತು. ಹನ್ನೆರಡು ಲಾಂದ್ರಗಳನ್ನು ಬರೀ ಬೆಸುಗೆಯಲ್ಲೇ ಮುಗಿಸಿದೆವು. ನಿಮ್ಮದು ಅದರಲ್ಲಿ ಹನ್ನೆರಡನೆಯದು.

ನಮ್ಮವರು ಆಗಲೇ ಕೈ ನಿಲ್ಲಿಸಿ, "ಕಲಾ, ನಾಳೆ ರಿವೆಟ್ ತಂದು ಹೊಡಿಯೂಣೇನ?" ಎಂದು ಕೇಳಿದ್ದರು. "ನಡೀತೈತಿ ಬಿಡ್ರಿ" ಎಂದವಳು ನಾನು. ಈಗ ಅವರು ಎಲ್ಲ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ನನ್ನ ಆ ಮಾತನ್ನು ಒಮ್ಮೆಯೂ ಎತ್ತಿಲ್ಲ. ನಾನೂ ಎತ್ತಿಲ್ಲ.

ಕ್ಷಮಿಸಿ ಎಂದು ಕೇಳುವುದು ಸುಲಭ. ಆದರೂ ಕೇಳುತ್ತೇನೆ. ಆಸ್ಪತ್ರೆಯ ಖರ್ಚನ್ನು ನಾವು ಕೊಡುತ್ತೇವೆ. ಯಜಮಾನರ ಕೈ ಹೇಗಿದೆ ಎಂದು ಒಂದು ಸಾಲು ಬರೆದರೆ ಸಾಕು.

ಇಂತಿ ತಮ್ಮ
ಕಲಾವತಿ ರೇವಣಸಿದ್ದ


ಚಂದ್ರಾ ಲೇಔಟ್
೨೬ ಅಕ್ಟೋಬರ್ ೨೦೨೪

ಶ್ರೀಮತಿ ಕಲಾವತಿಯವರಿಗೆ,

ನಿಮ್ಮ ಕಾಗದ ತಲುಪಿ ಹತ್ತು ದಿನವಾಯಿತು. ಉತ್ತರ ಬರೆಯುವುದೋ ಬೇಡವೋ ಎಂದು ಇಷ್ಟು ದಿನ ಇಟ್ಟುಕೊಂಡಿದ್ದೆ. ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದವಳು ನಾನು. ತಪ್ಪು ಒಪ್ಪಿಕೊಂಡ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳಲ್ಲ. ಆದರೂ 'ಪರವಾಗಿಲ್ಲ' ಎಂದು ಬರೆಯಲು ಈಗ ಕೈ ಏಳುತ್ತಿಲ್ಲ.

ನಮ್ಮ ಯಜಮಾನರ ಬಲಗೈಗೆ ಇನ್ನೂ ಬ್ಯಾಂಡೇಜ್ ಇದೆ. ಬೆರಳುಗಳ ಚರ್ಮ ಹೋಗಿದೆ. ಎಡಗೈಯಲ್ಲಿ ಮುದ್ದೆ ಮುರಿಯಲು ಒಪ್ಪುವುದಿಲ್ಲ, ಹಾಗಾಗಿ ನಾನೇ ತುತ್ತು ಮಾಡಿ ಕೊಡುತ್ತೇನೆ. ವಾಸಿಯಾಗುತ್ತದೆ ಎಂದಿದ್ದಾರೆ ಡಾಕ್ಟರು. ಅದಕ್ಕಿಂತ ಹೆಚ್ಚಾಗಿ ಯಜಮಾನರು ಮಾತು ಬಿಟ್ಟಿರುವುದು ನನಗೆ ಕಷ್ಟವಾಗಿದೆ. ಈ ಬಡಾವಣೆ ಆಗುವ ಮುಂಚೆ ಇಲ್ಲಿ ನಮ್ಮ ಮಾವನವರ ರಾಗಿ ಹೊಲವಿತ್ತು. ಅದರಲ್ಲಿ ಉಳಿದಿರುವುದು ಮನೆಯ ಪಕ್ಕದ ಒಂದು ಸೈಟಿನಷ್ಟು ತೋಟ. ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುತ್ತಿದ್ದವರು ಈಗ ಆ ಕಡೆಯ ಕಿಟಕಿಯನ್ನೂ ತೆಗೆಯುವುದಿಲ್ಲ.

ಬೇಸಿಗೆಯಲ್ಲಿ ಹಲಸಿನಹಣ್ಣು ಕೀಳಲು ಏಣಿ ಹತ್ತಿ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದರು. ಆಗಲೇ ನಮ್ಮ ಮಗ, ಇನ್ನೊಂದು ಸಲ ಇಂಥದ್ದಾದರೆ ಮನೆ ಮಾರಿ ಕೆಂಗೇರಿ ಕಡೆ ಫ್ಲಾಟಿಗೆ ಹೋಗೋಣ ಎಂದಿದ್ದ. ಈಗ ಬೆಂಕಿ. ಮಹಡಿಯ ಮೇಲೆ ಸೊಸೆ ಕೀರ್ತನಾ ಬಸುರಿ. ಅವನ ಹೆದರಿಕೆ ನನಗೆ ಅರ್ಥವಾಗುತ್ತದೆ.

ಖರ್ಚಿನ ಮಾತು ಬೇಡ. ಒಂದೇ ಒಂದು ಹೇಳುತ್ತೇನೆ. ಉಳಿದ ಹನ್ನೊಂದು ಲಾಂದ್ರ ಯಾರ ಯಾರ ಮನೆಯಲ್ಲಿವೆ? ನನಗೆ ಕ್ಷಮಾಪಣೆ ಬರೆಯುವ ಮೊದಲು ಅದನ್ನು ನೋಡಬೇಕಿತ್ತು. ಆ ಮನೆಗಳಲ್ಲೂ ದೀಪಾವಳಿಗೆ ದೀಪ ಹಚ್ಚುತ್ತಾರೆ.

ವೆಂಕಟಲಕ್ಷ್ಮಮ್ಮ


ನಾಗರಬಾವಿ
೨೪ ನವೆಂಬರ್ ೨೦೨೪

ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದ ದಿನವೇ ಹೊರಟೆವು. ಹನ್ನೊಂದೂ ಸಿಕ್ಕವು. ವಿಜಯನಗರದಲ್ಲಿ ನಾಲ್ಕು, ಬಸವೇಶ್ವರನಗರದಲ್ಲಿ ಮೂರು, ನಮ್ಮ ನಾಗರಬಾವಿಯಲ್ಲೇ ಎರಡು, ರಾಜಾಜಿನಗರದಲ್ಲಿ ಒಂದು. ಕೊನೆಯದನ್ನು ಯಾರೋ ಮಗಳಿಗೆಂದು ತುಮಕೂರಿಗೆ ಕಳಿಸಿದ್ದರು. ಅಲ್ಲಿಗೆ ನಮ್ಮವರು ಬಸ್ಸಿನಲ್ಲಿ ಹೋಗಿ, ಅವರ ಮನೆಯ ಮೆಟ್ಟಿಲ ಮೇಲೆ ಕೂತು ರಿವೆಟ್ ಹೊಡೆದು ಬಂದರು. ದೀಪಾವಳಿಯ ಹಿಂದಿನ ದಿನ ಎಲ್ಲ ಮುಗಿಯಿತು. ನಾವೇ ಬಂದು ತಪ್ಪು ಹೇಳಿದ್ದಕ್ಕೆ ಕೆಲವರು ಬೈದರು. ಒಬ್ಬರು ಕಾಫಿ ಕೊಟ್ಟರು. ಆ ಹನ್ನೊಂದರಲ್ಲಿ ಒಂದರ ಕೊಕ್ಕೆಯೂ ಸಡಿಲವಾಗಿರಲಿಲ್ಲ. ಹಾಗೆಂದರೆ ನಮ್ಮವರು, "ಬೀಳೂದು ಒಂದ ಬಿದ್ರ ಸಾಕಲ್ಲ" ಎಂದರು.

ಕಾಮಾಕ್ಷಿಪಾಳ್ಯದ ಶೀಟ್ ಮೆಟಲ್ ಕಾರ್ಖಾನೆ ಲಾಕ್‌ಡೌನಿನಲ್ಲಿ ಮುಚ್ಚಿದಾಗ ಅವರು ಮನೆಗೆ ತಂದದ್ದು ಒಂದು ತಗಡಿನ ಕತ್ತರಿ, ಒಂದು ಸುತ್ತಿಗೆ ಮಾತ್ರ. ಮನೆಯಲ್ಲಿ ಸುಮ್ಮನೆ ಕೂರಲಾರದೆ ಎಣ್ಣೆ ಡಬ್ಬ ಕತ್ತರಿಸಿ ಮೊದಲ ಲಾಂದ್ರ ಮಾಡಿದರು. ನಾನು ಅದಕ್ಕೆ ಚುಕ್ಕಿ ಚುಚ್ಚಿದೆ. ರಿಂಗ್ ರೋಡಿನ ನರ್ಸರಿಯ ಮುನಿರಾಜು ಅದನ್ನು ನೋಡಿ, "ಇಂಥಾವು ಇನ್ನೊಂದ್ ಹತ್ ಮಾಡ್ಕೊಡಮ್ಮ, ಗಿಡದ್ ಜೊತೆಗೇ ಹೋಯ್ತವೆ" ಎಂದಿದ್ದರು. ನಾಲ್ಕು ವರ್ಷ ಹಾಗೇ ನಡೆಯಿತು. ಈ ತಿಂಗಳು ಅದೇ ಮುನಿರಾಜು ಉಳಿದ ಲಾಂದ್ರಗಳನ್ನೆಲ್ಲ ಆಟೋದಲ್ಲಿ ವಾಪಸ್ ತಂದಿಳಿಸಿದರು. "ಜನ ಫೋಟೋ ತೋರ್ಸಿ ಕೇಳ್ತಾರಮ್ಮ. ನಾನೇನ್ ಹೇಳ್ಲಿ?" ಎಂದರು. ಪಾಪ, ಅವರಾದರೂ ಏನು ಹೇಳಿಯಾರು!

ನಮ್ಮವರು ಈಗ ಕೆಂಗೇರಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದಾರೆ. ಉಪಕರಣಗಳನ್ನು ಕೊಳ್ಳಲು ಡಿಸೆಂಬರ್ ಎರಡನೇ ವಾರ ಒಬ್ಬರು ಬರುವವರಿದ್ದಾರೆ. ಮಾರಬೇಡಿ, ಸ್ವಲ್ಪ ದಿನ ಹೋಗಲಿ, ಜನ ಮರೆಯುತ್ತಾರೆ ಎಂದು ನಾನು ಬಹಳ ಹೇಳಿದೆ. ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, "ಆ ಹಿರ್ಯಾರ ಕೈ ಸುಟ್ಟೈತಿ. ನನ್ನ ಕೈ ಛಲೋ ಐತಿ. ಈ ಕೈಲೆ ಮತ್ತ ಹೆಂಗ ಬೆಸುಗಿ ಹಾಕ್ಲಿ ಕಲಾ?" ಎಂದರು.

ನೀವು ಹೇಳಿದ ಕೆಲಸ ಮಾಡಿದ್ದೇವೆ ಎಂದು ತಿಳಿಸಲು ಬರೆದೆ. ಉತ್ತರ ಬರೆಯಬೇಕೆಂದಿಲ್ಲ. ಯಜಮಾನರ ಕೈ ವಾಸಿಯಾಗಿರಲಿ.

ಇಂತಿ
ಕಲಾವತಿ


ಚಂದ್ರಾ ಲೇಔಟ್
೭ ಡಿಸೆಂಬರ್ ೨೦೨೪

ಕಲಾವತಿಯಮ್ಮನಿಗೆ ಹನುಮಂತಯ್ಯನ ನಮಸ್ಕಾರ.

ನಾನು ವೆಂಕಟಲಕ್ಷ್ಮಮ್ಮನ ಗಂಡ. ಬ್ಯಾಂಡೇಜ್ ಬಿಚ್ಚಿದ್ದಾರೆ. ಬೆರಳು ಇನ್ನೂ ಸರಿಯಾಗಿ ಮಡಚುವುದಿಲ್ಲ, ಅಕ್ಷರ ಸೊಟ್ಟ. ಕಾಗುಣಿತ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು ತಾಯಿ. ಯಾವಾಗಲೂ ತಿದ್ದುವವಳಿಗೆ ಇದನ್ನು ತೋರಿಸುವ ಹಾಗಿಲ್ಲ.

ನನ್ನ ಹೆಂಡತಿ ಕಾಗದವನ್ನು ಮನಸ್ಸಿನಲ್ಲಿ ಓದುವವಳಲ್ಲ. ಜೋರಾಗಿ ಓದುತ್ತಾಳೆ. ತನ್ನ ದನಿ ತನಗೆ ಕೇಳಿಸಲಿ ಅಂತ. ನಿನ್ನ ಹೋದ ಕಾಗದ ಓದಿದಾಗ ನಾನು ಒಳಕೋಣೆಯಲ್ಲಿ ಮಲಗಿದ್ದೆ. ನಿನ್ನ ಗಂಡ ಅವನ ಕೈ ನೋಡಿಕೊಂಡು ಹೇಳಿದ ಮಾತನ್ನು ಅವಳು ಎರಡು ಸಲ ಓದಿದಳು. ಆಮೇಲೆ ಅವಳಿಗೆ ಓದಲಾಗಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ನಿಮ್ಮ ಲಾಂದ್ರ ಬೀಳಲಿಲ್ಲ. ಅವತ್ತು ಅದನ್ನು ನಾನು ಹಚ್ಚೇ ಇರಲಿಲ್ಲ.

ಚಪ್ಪರದ ಮೂಲೆಯಲ್ಲಿ ಕಣಜದ ಹುಳ ಗೂಡು ಕಟ್ಟಿತ್ತು. ಸೊಸೆ ಸಂಜೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಒಂದು ಹುಳ ಅವಳ ಕತ್ತಿಗೆ ಕಚ್ಚಿತು. ಹೊಟ್ಟೆಯಲ್ಲಿ ಮಗು ಇದೆ, ನನಗೆ ಸಹಿಸಲಾಗಲಿಲ್ಲ. ಯಾರನ್ನಾದರೂ ಕರೆಸಿ ತೆಗೆಸೋಣ ಅಂದಳು ನನ್ನ ಹೆಂಡತಿ. ಎಂಥೆಂಥ ಗೂಡು ಕಿತ್ತವನು ನಾನು, ಇದಕ್ಕೊಬ್ಬನನ್ನು ಕರೆಸಬೇಕೇ ಅಂತ ನನಗೆ ಜಂಬ. ಭಾನುವಾರ ಹೆಂಗಸರಿಬ್ಬರೂ ನವರಾತ್ರಿಯ ಕುಂಕುಮಕ್ಕೆ ಹೋದರು. ಗೌತಮ್ ಮಹಡಿಯಲ್ಲಿದ್ದ. ಬಿದಿರು ಗಳುವಿನ ತುದಿಗೆ ಹಳೆ ಪಂಚೆ ಸುತ್ತಿ, ದೇವರ ದೀಪದ ಎಣ್ಣೆ ಸುರಿದು, ಕಡ್ಡಿ ಗೀರಿದೆ. ಗೂಡು ಸುಟ್ಟಿತು. ಹಿಂದೆಯೇ ಒಣಗಿದ ತೆಂಗಿನ ಗರಿ ಹತ್ತಿಕೊಂಡಿತು. ಗರಿ ಎಳೆಯಲು ಹೋಗಿ ಕೈ ಸುಟ್ಟಿತು. ಆ ಉರಿಗೆ ಲಾಂದ್ರದ ಕೊಕ್ಕೆ ಕರಗಿ, ನನ್ನ ಕಣ್ಣೆದುರೇ ಕೆಳಗೆ ಬಿತ್ತು. ಬೆಂಕಿ ಮೊದಲು, ಲಾಂದ್ರ ಬಿದ್ದದ್ದು ಆಮೇಲೆ.

ಗೌತಮ್ ಓಡಿ ಬಂದು ಪೈಪಿನಲ್ಲಿ ನೀರು ಹೊಡೆದು ಆರಿಸಿದ. ಕೆಳಗೆ ಬಿದ್ದದ್ದನ್ನು ನೋಡಿ, "ಲಾಂದ್ರ ಬಿತ್ತಾ ಅಪ್ಪಾ?" ಅಂತ ಅವನೇ ಕೇಳಿದ. ನನಗೆ ಆ ಹೊತ್ತಿಗೆ ಏಣಿಯಿಂದ ಬಿದ್ದ ದಿನ ಅವನು ಹೇಳಿದ್ದು ನೆನಪಾಯಿತು. ಹತ್ತನೇ ಅಂತಸ್ತಿನ ಫ್ಲಾಟು ನೆನಪಾಯಿತು. "ಹ್ಞೂಂ" ಅಂದೆ. ಅಷ್ಟೇ ನಾನು ಹೇಳಿದ ಸುಳ್ಳು. ಅದು ಇಷ್ಟು ದೂರ ಹೋಗುತ್ತದೆ ಅಂದುಕೊಳ್ಳಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ನಿನ್ನ ಗಂಡ ನಮ್ಮ ಮನೆಯ ಎದುರು ರಸ್ತೆಯ ಆ ಕಡೆ ಬಂದು ನಿಂತಿದ್ದ. ನಿನಗೆ ಗೊತ್ತೋ ಇಲ್ಲವೋ. ಗೇಟಿಗೆ ಬರಲಿಲ್ಲ. ಕೈ ಮುಗಿದು ಹೋದ. ಕಿಟಕಿಯಿಂದ ನೋಡಿಯೂ ನಾನು ಅವನನ್ನು ಕೂಗಲಿಲ್ಲ.

ಉಪಕರಣ ಮಾರಬೇಡಿ. ಮನೆಯಲ್ಲಿ ನಾನೇ ಹೇಳುತ್ತೇನೆ. ಹೇಳಲು ಸ್ವಲ್ಪ ದಿನ ಕೊಡು.

ಹನುಮಂತಯ್ಯ


ನಾಗರಬಾವಿ
೧೧ ಡಿಸೆಂಬರ್ ೨೦೨೪

ಹನುಮಂತಯ್ಯನವರಿಗೆ ಕಲಾವತಿಯ ನಮಸ್ಕಾರಗಳು.

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದಿ ಮುಗಿಸಿದವಳು ಒಲೆಯ ಮೇಲಿನ ಸಾರು ಇಳಿಸಿ, ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಯಾವುದೆಂದೂ ನೋಡದೆ ಮೆಟ್ಟಿ ಬಸ್ ಸ್ಟಾಪಿಗೆ ಓಡಿದೆ. ಸ್ವಲ್ಪ ದಿನ ಕೊಡು ಎಂದಿದ್ದಿರಿ. ನಿಮ್ಮ ಮನೆಯವರ ಮಟ್ಟಿಗೆ ಕೊಡುತ್ತೇನೆ. ನನ್ನ ಗಂಡನ ಮಟ್ಟಿಗೆ ಒಂದು ಗಂಟೆಯನ್ನೂ ಕೊಡಲಾಗಲಿಲ್ಲ. ತಪ್ಪು ತಿಳಿಯಬೇಡಿ.

ಕೆಂಗೇರಿಯಲ್ಲಿ ಅವರು ನೀಲಿ ಅಂಗಿ ಹಾಕಿಕೊಂಡು ಗೇಟಿನ ಪಕ್ಕ ನಿಂತಿದ್ದರು. ನನ್ನನ್ನು ನೋಡಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾದರು. ಕಾಗದ ಕೈಗಿತ್ತೆ. ನಿಂತೇ ಓದಿದರು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊದಲಿಂದ ಮತ್ತೊಮ್ಮೆ ಓದಿದರು. "ಕೊಕ್ಕಿ ಬೆಂಕಿಗೆ ಬಿಚ್ಚೈತಿ" ಎಂದರು. "ಹೌದ್ರಿ" ಎಂದೆ. "ಬೆಂಕಿ ಮೊದಲ ಹತ್ತೈತಿ." "ಹೌದ್ರಿ, ಅವ್ರ ಬರದಾರಲ್ಲ." ಕಾಗದದಿಂದ ತಲೆ ಎತ್ತಿ, "ಆದ್ರೂ ರಿವೆಟ್ ಹೊಡೀಬೇಕಿತ್ತ" ಎಂದರು. ಆಗ ನಾನು, "ಬ್ಯಾಡ ಅಂದಾಕಿ ನಾನ" ಎಂದೆ. ಎರಡು ತಿಂಗಳಿಂದ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತು ಅದು. "ಗೊತ್ತೈತಿ" ಎಂದರು. ಅಷ್ಟು ಹೇಳಿ ಆ ಕಾಗದದಿಂದಲೇ ಮುಖ ಮುಚ್ಚಿಕೊಂಡು ಅಳತೊಡಗಿದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೊರಗೆ ಕಾರೊಂದು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಅವರಿಗೆ ಕೇಳಿಸುತ್ತಿರಲಿಲ್ಲ. ನಾನೇ ಎದ್ದು ಹೋಗಿ ಗೇಟು ತೆಗೆದೆ. ಕಾರಿನವರು ನನಗೆ ಸೆಲ್ಯೂಟ್ ಹೊಡೆದು ಹೋದರು.

ಉಪಕರಣ ಕೊಳ್ಳುವವರಿಗೆ ಬರಬೇಡಿ ಎಂದು ಫೋನ್ ಮಾಡಿದ್ದಾರೆ. ಈ ತಿಂಗಳ ಕೊನೆಯವರೆಗೆ ಗೇಟಿನ ಕೆಲಸ ಮಾಡುತ್ತಾರೆ. ಒಪ್ಪಿಕೊಂಡ ಕೆಲಸವನ್ನು ನಡುವೆ ಬಿಡುವುದಿಲ್ಲವಂತೆ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ನಾನೂ ಸುಳ್ಳು ಬರೆದಂತಾಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಸಂತೋಷವಿತ್ತು. ಬರುವಾಗ ಬಹಳ ಸಿಟ್ಟು ಬಂತು. ದೀಪಾವಳಿ ಹೋಯಿತು, ಹೆಸರು ಹೋಯಿತು, ಹೋದ ಹೋದ ಮನೆಯಲ್ಲಿ ತಲೆ ತಗ್ಗಿಸಿದೆವು. ಈ ಕಾಗದವನ್ನು ನಿಮ್ಮ ಮಗನಿಗೆ ತೋರಿಸಿದರೆ ನಾಳೆಯೇ ಎಲ್ಲ ಸರಿಯಾಗುತ್ತದೆ ಎಂದು ನನಗೆ ಗೊತ್ತು. ಮುನಿರಾಜು ಅವರಿಗೂ ತೋರಿಸಬಹುದಿತ್ತು. ನಮ್ಮವರು ಬೇಡ ಎಂದರು. "ಹಿರ್ಯಾರು ತಾವ ಹೇಳ್ತೇನಿ ಅಂದಾರ. ಹೇಳ್ಲಿ" ಎಂದರು. ಹಾಗಾಗಿ ಟ್ರಂಕಿನಲ್ಲಿ ಇಟ್ಟಿದ್ದೇನೆ.

ಈ ಕಾಗದ ನಿಮ್ಮ ಹೆಸರಿಗೇ ಬರೆದಿದ್ದೇನೆ. ಅಂಚೆಯವರು ಯಾರ ಕೈಗೆ ಕೊಡುತ್ತಾರೋ ಅದು ನನ್ನ ಕೈಯಲ್ಲಿಲ್ಲ. ಬೇಗ ಹೇಳಿಬಿಡಿ. ನಿಮಗೂ ಅನ್ನ ಸೇರಲಿ.

ಕಲಾವತಿ


ಚಂದ್ರಾ ಲೇಔಟ್
೨ ಜನವರಿ ೨೦೨೫

ಚಿ. ಸೌ. ಕಲಾವತಿಗೆ ವೆಂಕಟಲಕ್ಷ್ಮಮ್ಮನ ಆಶೀರ್ವಾದಗಳು.

ನಿನ್ನನ್ನು ನೀನು ಎಂದು ಬರೆಯುತ್ತಿದ್ದೇನೆ. ಬೇಸರವಿದ್ದರೆ ಹೇಳು.

ಭಾನುವಾರ ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ. ನಾವಿಬ್ಬರೇ ಊಟಕ್ಕೆ ಕೂತಿದ್ದೆವು. ನಮ್ಮ ಯಜಮಾನರು ತಟ್ಟೆ ನೋಡಿಕೊಂಡು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. "ಏನಂದ್ರಿ? ಉಪ್ಪಾ?" ಎಂದೆ. ಇನ್ನೊಂದು ಸಲ ಹೇಳಿದರು. ತುಟಿ ಆಡಿದ್ದು ಕಂಡಿತು, ಮಾತು ತಿಳಿಯಲಿಲ್ಲ. "ಜೋರಾಗಿ ಹೇಳ್ಬಾರ್ದಾ?" ಎಂದು ರೇಗಿದೆ. ಆಗ ಆ ಮನುಷ್ಯ ಎದ್ದು ನಿಂತು, ಹೊಲದ ಈ ತುದಿಯಿಂದ ಆ ತುದಿಗೆ ಕೂಗುವ ಹಾಗೆ ಕೂಗಿದರು: "ಲಾಂದ್ರ ಬೀಳ್ನಿಲ್ಲ ಕಣಮ್ಮೀ! ಚಪ್ಪರಕ್ ಬೆಂಕಿ ಹಾಕ್ದೋನು ನಾನೇಯ! ಉಳ ಸುಡಕ್ ಓಗಿ ಸುಟ್ಟೆ!"

ನನಗೆ ಚೆನ್ನಾಗಿ ಕೇಳಿಸಿತು. ಪಕ್ಕದ ಮನೆಯವರಿಗೂ ಕೇಳಿಸಿ ಅವರು ಬಾಲ್ಕನಿಗೆ ಬಂದರು. ಮಹಡಿಯಿಂದ ಗೌತಮ್, ಅವನ ಹಿಂದೆ ಹೊಟ್ಟೆ ಹಿಡಿದುಕೊಂಡು ಕೀರ್ತನಾ ಇಳಿದು ಬಂದರು. ಒಂದು ಸಲ ಬಾಯಿ ಬಿಟ್ಟ ಮೇಲೆ ಅವರು ನಿಲ್ಲಿಸಲಿಲ್ಲ. ಪಂಚೆ, ದೀಪದೆಣ್ಣೆ, ನಿನಗೆ ಬರೆದ ಕಾಗದ, ನೀನು ಬರೆದ ಉತ್ತರ, ಎಲ್ಲ ಹೇಳಿದರು. ನಿನ್ನ ಉತ್ತರವನ್ನು ತಲೆದಿಂಬಿನ ಚೀಲದಿಂದ ತೆಗೆದು ಮಗನ ಕೈಗೆ ಕೊಟ್ಟರು.

ಗೌತಮ್ ಅದನ್ನು ಓದಿ ತೋಟಕ್ಕೆ ಹೋದ. ನಾನು ಹಿಂದೆಯೇ ಹೋದೆ. ಅವರೂ ಬಂದರು. ಅವನು ಸುಟ್ಟ ಕಂಬದ ಹತ್ತಿರ ನಿಂತು, "ನೂರಾ ಎಂಬತ್ತು ಮನೆಯೋರಿಗೆ ಫೋಟೋ ಕಳ್ಸಿದೀನಿ ಅಪ್ಪಾ. ಯಾಕ್ ಹೇಳ್ಲಿಲ್ಲ ನೀನು?" ಎಂದ. ಅವರು, "ಮನೆ ಬುಡಿಸ್ತೀಯ ಅಂತ" ಎಂದರು. ಅವನು ತಿರುಗಿ, "ಮನೆ ಬಿಡ್ಸೋ ಆಸೆ ನಂಗೇನಿದೆ? ನೀನು ಏಣಿಯಿಂದ ಬಿದ್ದ ದಿನ ಆಸ್ಪತ್ರೇಲಿ ನಿನ್ ಕೈ ಹಿಡ್ಕೊಂಡ್ ಕೂತಿದ್ದೋನು ನಾನು. ಭಯ ಕಣಪ್ಪ ನಂಗೆ, ಭಯ" ಎಂದ. ಅಪ್ಪ ಮಗ ಹೀಗೆ ಮಾತಾಡಿದ್ದನ್ನು ನಾನು ಎಷ್ಟು ವರ್ಷದಿಂದ ಕೇಳಿರಲಿಲ್ಲ! ಎಲ್ಲ ಮಾತೂ ಕೇಳಿಸಿತು, ಇಬ್ಬರೂ ಅಷ್ಟು ಜೋರಾಗಿ ಆಡುತ್ತಿದ್ದರು.

ಅವತ್ತೇ ಅವನು ಗುಂಪಿನಲ್ಲಿ ಬರೆದ. ಹಾಕುವ ಮುಂಚೆ ನನಗೆ ತೋರಿಸಿದ. 'ತಪ್ಪು ಗ್ರಹಿಕೆಯಿಂದ' ಎಂದು ಬರೆದಿದ್ದ. ಅದನ್ನು ಹೊಡೆಸಿ, 'ನನ್ನ ತಪ್ಪಿನಿಂದ' ಎಂದು ಬರೆಸಿದೆ. ಅದರ ಕೆಳಗೆ ತನ್ನ ಹೆಸರೂ ಸೇರಿಸು ಎಂದರು ಅವನ ಅಪ್ಪ. ಸೇರಿಸಿದ. ಏಣಿ ಈಗ ಕೀರ್ತನಾಳ ಸುಪರ್ದಿನಲ್ಲಿ ಮಹಡಿಯ ಮೇಲಿದೆ. ಅದನ್ನು ಕೇಳಿ ಇಳಿಸಿಕೊಳ್ಳಬೇಕು. ಕೆಂಗೇರಿಯ ಫ್ಲಾಟಿನ ಮಾತನ್ನು ಯಾರೂ ಎತ್ತಿಲ್ಲ.

ಕಲಾವತಿ, ಆ ಕಾಗದವನ್ನು ನೀನು ಮಗನಿಗೆ ತೋರಿಸಬಹುದಾಗಿದ್ದ ದಿನಗಳನ್ನು ನಾನು ಎಣಿಸಿದೆ. ಹದಿನೆಂಟು. ನಾನಾಗಿದ್ದರೆ ಮೂರನೆಯ ದಿನ ತೋರಿಸುತ್ತಿದ್ದೆನೇನೋ. ಅಕ್ಟೋಬರಿನಲ್ಲಿ ನಿನಗೆ ಬರೆದ ಕಾಗದ ಬಿರುಸಾಗಿತ್ತು. ನೀನದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಸಂಕ್ರಾಂತಿಗೆ ಇಬ್ಬರೂ ಬನ್ನಿ. ಊಟ ಇಲ್ಲೇ. ಬರುವುದಿಲ್ಲ ಎಂದರೆ ನಾವೇ ಅಲ್ಲಿಗೆ ಬರುತ್ತೇವೆ, ಯಜಮಾನರು ಹಟ ಹಿಡಿದಿದ್ದಾರೆ.

ಇತಿ ಆಶೀರ್ವಾದಗಳು
ವೆಂಕಟಲಕ್ಷ್ಮಮ್ಮ


ನಾಗರಬಾವಿ
೧೯ ಜನವರಿ ೨೦೨೫

ಪೂಜ್ಯ ಅಮ್ಮನಿಗೆ ಕಲಾವತಿಯ ನಮಸ್ಕಾರಗಳು.

ಹಬ್ಬದ ದಿನ ನಿಮ್ಮ ಮನೆಯಲ್ಲಿ ಉಂಡದ್ದು ಇನ್ನೂ ಕರಗಿಲ್ಲ. ನೀವು ಕಟ್ಟಿಕೊಟ್ಟ ಅವರೆಕಾಯಿಯನ್ನು ಎರಡು ದಿನ ಸುಲಿದೆ. ಅಲ್ಲಿ ಎಲ್ಲರೆದುರು ನನಗೆ ಹೆಚ್ಚು ಮಾತಾಡಲಾಗಲಿಲ್ಲ. ಯಜಮಾನರು ನಮ್ಮವರ ಎರಡೂ ಕೈ ಹಿಡಿದುಕೊಂಡು ಕೂತಾಗ ನಾನು ಅಡುಗೆಮನೆಗೆ ಎದ್ದು ಹೋದೆ. ನೀವೂ ಅಲ್ಲಿಗೇ ಬಂದಿರಿ. ನಾವಿಬ್ಬರೂ ಸುಮ್ಮನೆ ಪಾತ್ರೆ ತೊಳೆದೆವು. ಅಷ್ಟೇ ಚೆನ್ನಾಗಿತ್ತು.

ಗುರುವಾರ ಗೌತಮ್ ನಮ್ಮ ಶೆಡ್ಡಿಗೆ ಬಂದಿದ್ದರು. ನಿಮಗೆ ಹೇಳಿದ್ದಾರೋ ಇಲ್ಲವೋ. ಬೈಕ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಬಾಗಿಲಲ್ಲಿ ನಿಂತು, "ಸಾರಿ ಅಣ್ಣ" ಎಂದರು. ನಮ್ಮವರು, "ಹೆಲ್ಮೆಟ್ ತಗೀರಿ, ಚಾ ಕುಡೀರಿ" ಎಂದರು. ಕೂತರು. ಒಂದು ಗಂಟೆ ಕೆಲಸ ನೋಡಿದರು. ಹೋಗುವಾಗ, ಹುಟ್ಟುವ ಮಗುವಿನ ಕೋಣೆಗೆ ಲಾಂದ್ರ ಮಾಡಿಕೊಡುತ್ತೀರಾ ಎಂದು ಕೇಳಿದರು. ದೀಪದ ಬದಲು ಬಲ್ಬ್ ಹಾಕುವಂಥದ್ದು. "ರಿವೆಟ್ ಮೂರು ಹೊಡಿತೇನಿ" ಎಂದರು ನಮ್ಮವರು. ಗೌತಮ್ ನಗಬೇಕೋ ಬೇಡವೋ ಎಂದು ನೋಡಿ, ಆಮೇಲೆ ನಕ್ಕರು.

ಮುನಿರಾಜು ಅವರೂ ಆಟೋ ತೆಗೆದುಕೊಂಡು ಬಂದರು. "ಒಳ್ಳೇ ಸುದ್ದಿ ಬೇಗ ಓಡಲ್ಲ ಕಣಮ್ಮ, ಆ ಫೋಟೋ ಓಡಾಡಿದ್ ಹಂಗೆ. ಆದ್ರೂ ಒಂದೆಂಟ್ ಕೊಡು" ಎಂದು ಎಂಟು ಲಾಂದ್ರ ಏರಿಸಿಕೊಂಡು ಹೋದರು. ಮೊದಲಿನಷ್ಟು ಕೆಲಸ ಇನ್ನೂ ಇಲ್ಲ. ಆಗುತ್ತದೆ ಎಂದು ಅನ್ನಿಸುತ್ತಿದೆ.

ನಿಮಗೆ ಹೇಳಬೇಕೆಂದಿರುವುದು ಇದೊಂದೇ ಅಲ್ಲ. ಈ ಮೂರು ತಿಂಗಳು ನಮ್ಮವರು ನಾನು ಏನು ಹೇಳಿದರೂ "ಆತು" ಎನ್ನುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾಯಿತೇನ್ರಿ ಎಂದರೆ ಆತು. ಊರಿಗೆ ಹೋಗೋಣವೇ ಎಂದರೆ ಆತು. ಮೊದಲಾದರೆ ಪ್ರತಿ ಮಾತಿಗೂ ಎದುರಾಡುತ್ತಿದ್ದವರು.

ನಿನ್ನೆ ಬೆಳಿಗ್ಗೆ ಮಗುವಿನ ಲಾಂದ್ರಕ್ಕೆ ಆನೆ ಬರೆದೆ. ಸುತ್ತಲೂ ಐದು ಆನೆ, ಒಂದರ ಬಾಲ ಒಂದು ಹಿಡಿದದ್ದು. ತಗಡನ್ನು ಅವರ ಮುಂದೆ ಇಟ್ಟು, ಹೀಗೇ ಚುಚ್ಚಲೇನ್ರಿ ಎಂದು ಕೇಳಿದೆ. ಅವರು ಕತ್ತರಿ ಕೆಳಗಿಟ್ಟು, ತಗಡನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಆಗೂದಿಲ್ಲ" ಎಂದರು. "ಐದ ಆನಿ ಆಗೂದಿಲ್ಲ. ತೂತ ಹೆಚ್ಚಾಗಿ ತಗಡ ಹರೀತೈತಿ. ನಾಲ್ಕ ಮಾಡು."

"ಐದ ಬೇಕು. ನಿಮ್ಮ ತಗಡ ತೆಳ್ಳಗೈತಿ" ಎಂದೆ.

"ನನ್ನ ತಗಡಿಗೆ ಹೆಸರ ಇಡಬ್ಯಾಡ!"

ಹೀಗೆ ಶುರುವಾದದ್ದು ತಿಂಡಿ ಆರಿಹೋಗುವವರೆಗೂ ನಡೆಯಿತು ಅಮ್ಮಾ. ಅವರೂ ಕೂಗಿದರು, ನಾನೂ ಕೂಗಿದೆ. ಮೇಲಿನ ಮನೆಯವರು ಇಣುಕಿ, "ಏನ್ರೀ ಅದು ಗಲಾಟೆ?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋಗಿ, ತಣ್ಣಗಾದ ಉಪ್ಪಿಟ್ಟನ್ನು ಎರಡು ತಟ್ಟೆಗೆ ಬಡಿಸಿದೆ.

ಇನ್ನೂ ತೀರ್ಮಾನವಾಗಿಲ್ಲ. ಅವರು ನಾಲ್ಕರಲ್ಲೇ ಇದ್ದಾರೆ, ನಾನು ಐದರಲ್ಲಿ.

ಇಂತಿ ನಿಮ್ಮ
ಕಲಾವತಿ